ಗಾಡಿ ಗಡಗಡ ಅಂದರೆ ಎಲ್ಲಿ ನೋಡಬೇಕು?



ನಮ್ಮ ಸಂಘಗಳಲ್ಲಿ ಹಿಂದೆ ಸಾಲ ಕೇಳುವುದೆಂದರೆ ಹಸುವಿಗೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ, ಮನೆಯ ಹಂಚಿಗೆ. ಈಗ ಹಾಗಿಲ್ಲ. ಯಜಮಾನರಿಗೆ ಆಟೋ, ಮಗನಿಗೆ ಮೀನು ಸಾಗಿಸುವ ಚಿಕ್ಕ ಟೆಂಪೋ, ತನಗೇ ಒಂದು ಸ್ಕೂಟರು, ಇಲ್ಲವೇ ಬಾಡಿಗೆಗೆ ಬಿಡಲು ಹಳೆಯದೊಂದು ಓಮ್ನಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ಇದೇ ಕಥೆ. ಗಾಡಿ ಓಡಿದರೆ ಕಂತು ಕಟ್ಟಲಿಕ್ಕೆ ಆಗ್ತದೆ. ಗಾಡಿ ಗ್ಯಾರೇಜಿನಲ್ಲಿ ನಿಂತರೂ ಕಂತು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಈ ಸಲ ಗಾಡಿಯ ವಿಷಯ ಬರೆಯುವಾ ಅಂತ ಮಾಡಿದ್ದೇವೆ.

"ಅದು ಗಂಡಸರ ಕೆಲಸ, ನಮಗೆಂತ ಗೊತ್ತು" ಅಂತ ಕೆಲವರು ಹೇಳಬಹುದು. ನಾವು ಒಪ್ಪುವುದಿಲ್ಲ. ದಿನಾ ಓಡಿಸುವವನಿಗೆ ಗಾಡಿಯ ಅಲುಗಾಟ ರೂಢಿಯಾಗಿ ಹೋಗಿರ್ತದೆ, ಅವನಿಗೆ ಗೊತ್ತೇ ಆಗುವುದಿಲ್ಲ. ಬೆಳಗಿನ ಜಾವ ಬುಟ್ಟಿ ಇಟ್ಟುಕೊಂಡು ಹಿಂದೆ ಕುಳಿತವಳಿಗೆ ಮೊದಲು ಗೊತ್ತಾಗ್ತದೆ. ಸೊಂಟಕ್ಕೆ ತಾಗುವುದು ಅವಳಿಗೇ ತಾನೆ.

ಮುಖ್ಯವಾದ ಮಾತು ಒಂದೇ. ಗಾಡಿ ನಡುಗುವಾಗ "ಏನು ಹಾಳಾಗಿದೆ?" ಅಂತ ಕೇಳುವ ಮೊದಲು "ಯಾವಾಗ ನಡುಗ್ತದೆ?" ಅಂತ ಕೇಳಬೇಕು. ಡಾಕ್ಟರರ ಹತ್ತಿರ ಹೋದರೆ ಜ್ವರ ಹಗಲು ಬರ್ತದೋ ರಾತ್ರಿ ಬರ್ತದೋ, ಚಳಿ ಇದೆಯೋ ಇಲ್ಲವೋ ಅಂತ ಮೊದಲು ಕೇಳ್ತಾರಲ್ಲ, ಹಾಗೆಯೇ. ವೇಗ ಹೆಚ್ಚಿದಾಗ ಮಾತ್ರವೇ? ಬ್ರೇಕ್ ಒತ್ತಿದಾಗ ಮಾತ್ರವೇ? ನಿಂತಲ್ಲೇ ನಡುಗ್ತದೆಯೇ? ತಿರುವಿನಲ್ಲಿಯೇ? ಒಂದೊಂದು ಉತ್ತರ ಗಾಡಿಯ ಒಂದೊಂದು ಭಾಗವನ್ನು ತೋರಿಸ್ತದೆ. ಈ ಉತ್ತರ ಇಟ್ಟುಕೊಂಡು ಗ್ಯಾರೇಜಿಗೆ ಹೋದರೆ ಕೆಲಸ ಬೇಗ ಆಗ್ತದೆ, ಬೇಡದ ಸಾಮಾನು ಬದಲಾಯಿಸುವುದೂ ತಪ್ಪುತ್ತದೆ.

ವೇಗ ಹೆಚ್ಚಿದಾಗ ನಡುಗಿದರೆ

ಹೆದ್ದಾರಿ 66ಕ್ಕೆ (ಹಿಂದೆ ನಾವು 17 ಅಂತಿದ್ದೆವು) ಹತ್ತಿದ ಮೇಲೆ, ಅರವತ್ತೋ ಎಂಬತ್ತೋ ಕಿಲೋಮೀಟರ್ ವೇಗಕ್ಕೆ ಬಂದಾಗ ಸ್ಟೇರಿಂಗ್ ಕೈಯಲ್ಲಿ ಸಣ್ಣಗೆ ನಡುಗಲು ಶುರುವಾಗ್ತದೆ, ವೇಗ ಇಳಿಸಿದರೆ ನಿಂತು ಹೋಗ್ತದೆ. ಹೀಗಿದ್ದರೆ ಹೆಚ್ಚಿನ ಸಲ ಅದು ಚಕ್ರದ ತೂಕ ಸರಿ ಇಲ್ಲದ್ದು. ಇದಕ್ಕೆ ವೀಲ್ ಬ್ಯಾಲೆನ್ಸಿಂಗ್ ಅಂತಾರೆ. ಮನೆಯ ಸೀಲಿಂಗ್ ಫ್ಯಾನಿನ ಒಂದು ರೆಕ್ಕೆ ಬಾಗಿದರೆ ಒಂದನೇ ನಂಬರಿನಲ್ಲಿ ಸುಮ್ಮನೆ ತಿರುಗಿ ಐದನೇ ನಂಬರಿಗೆ ಇಟ್ಟಾಗ ಕಂಪಿಸ್ತದಲ್ಲ, ಅದೇ ಲೆಕ್ಕ.

ಸ್ವಲ್ಪ ಲೆಕ್ಕ ಹಾಕಿ ನೋಡುವಾ. ಚಿಕ್ಕ ಗೂಡ್ಸ್ ಗಾಡಿಯ ಚಕ್ರ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು ಹತ್ತು ಸುತ್ತು ತಿರುಗ್ತದೆ. ಅದರ ರಿಮ್ಮಿನ ಒಳಬದಿ ಒಂದೇ ಕಡೆ ಬರೀ 100 ಗ್ರಾಂ ಕೆಸರು ಒಣಗಿ ಅಂಟಿದ್ದರೆ, ಆ ವೇಗದಲ್ಲಿ ಅದು ಸುಮಾರು ಆರು ಕಿಲೋ ತೂಕ ಎಳೆದಷ್ಟು ಬಲದಿಂದ ಚಕ್ರವನ್ನು ಹೊರಗೆ ಎಳೀತದೆ. ಅದೂ ಸೆಕೆಂಡಿಗೆ ಹತ್ತು ಸಲ, ಒಮ್ಮೆ ಮೇಲೆ ಒಮ್ಮೆ ಕೆಳಗೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹಾಗಾಗಿಯೇ ಊರೊಳಗೆ ಗೊತ್ತಾಗದ ರೋಗ ಹೆದ್ದಾರಿಯಲ್ಲಿ ಗೊತ್ತಾಗುವುದು.

ನಮ್ಮ ಕರಾವಳಿಯಲ್ಲಿ ಈ ಕೆಸರಿನ ವಿಷಯ ಸಣ್ಣದಲ್ಲ. ಮಳೆಗಾಲದಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣಿನ ಕೇರಿ ರಸ್ತೆಯಲ್ಲಿ ಓಡಿದ ಗಾಡಿಯ ರಿಮ್ಮಿನ ಒಳಗೆ ಮಣ್ಣು ಹೊಕ್ಕಿ, ಎರಡು ದಿನ ಬಿಸಿಲು ಬಿದ್ದರೆ ಸಿಮೆಂಟಿನ ಹಾಗೆ ಗಟ್ಟಿಯಾಗ್ತದೆ. ಹೊರಗಿನಿಂದ ಗಾಡಿ ತೊಳೆದರೆ ಅದು ಹೋಗುವುದಿಲ್ಲ. ಹಾಗಾಗಿ ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಕೆಲಸ: ಚಕ್ರದ ಹಿಂಬದಿಗೆ ಕೈ ಹಾಕಿ, ಕಡ್ಡಿಯಿಂದ ಕೆರೆದು, ನೀರು ಬಿಟ್ಟು ತೊಳೆಯಬೇಕು. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ನಡುಕ ಅಂತ ಎದುರಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದರು, ನಡುಕ ಹಾಗೇ ಉಳಿಯಿತು. ಆಮೇಲೆ ಚಕ್ರ ಬಿಚ್ಚಿದಾಗ ಒಳಗೆ ಅಂಗೈ ತುಂಬ ಮಣ್ಣು. ಶಾಕ್ ಅಬ್ಸಾರ್ಬರ್ ಹಾಳಾದರೆ ಲಕ್ಷಣವೇ ಬೇರೆ. ಗುಂಡಿ ಹತ್ತಿಳಿದ ಮೇಲೆ ಗಾಡಿ ದೋಣಿಯ ಹಾಗೆ ಎರಡು ಮೂರು ಸಲ ಮೇಲೆ ಕೆಳಗೆ ತೂಗ್ತದೆ, ಅಷ್ಟೇ.

ಮಣ್ಣು ಇಲ್ಲದಿದ್ದರೆ, ರಿಮ್ಮಿನ ಅಂಚಿಗೆ ಹೊಡೆದಿರುವ ಸಣ್ಣ ಲೋಹದ ತೂಕ ಬಿದ್ದು ಹೋಗಿರಬಹುದು. ಅದು ಇದ್ದ ಜಾಗದಲ್ಲಿ ಗುರುತು ಉಳಿದಿರ್ತದೆ, ಹುಡುಕಿ ನೋಡಿ. ಇಲ್ಲವಾದರೆ ಗುಂಡಿಗೆ ಬಿದ್ದು ರಿಮ್ ಬೆಂಡ್ ಆಗಿರಬಹುದು. ಬ್ಯಾಲೆನ್ಸಿಂಗ್ ಮಾಡಿಸಲು ಕೆಲವು ನೂರು ರೂಪಾಯಿ ಸಾಕು.

ನಡುಕ ಸ್ಟೇರಿಂಗಿನಲ್ಲಿ ಹೆಚ್ಚು ಇದ್ದರೆ ಎದುರಿನ ಚಕ್ರ, ಸೀಟಿನಲ್ಲಿ ಮತ್ತು ತಳದಲ್ಲಿ ಹೆಚ್ಚು ಇದ್ದರೆ ಹಿಂದಿನ ಚಕ್ರ ಮೊದಲು ನೋಡಿ. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಒಂದೇ ಅಂತ ಹಲವರು ತಿಳಿದಿದ್ದಾರೆ. ಅಲ್ಲ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ನಡುಗುವುದಕ್ಕಿಂತ ಒಂದು ಬದಿಗೆ ಎಳೀತದೆ, ಟಯರಿನ ಒಂದೇ ಅಂಚು ಸವೀತದೆ.

ನಿಧಾನ ಹೋದರೂ ತೂಗಿದರೆ ಅಲ್ಲೇ ನಿಲ್ಲಿಸಿ

ಇದು ಎಲ್ಲಕ್ಕಿಂತ ಅಪಾಯದ್ದು. ಇಪ್ಪತ್ತು ಮೂವತ್ತು ಕಿಲೋಮೀಟರ್ ವೇಗದಲ್ಲೇ ಗಾಡಿ ಎಡಕ್ಕೆ ಬಲಕ್ಕೆ ಕುಣಿದ ಹಾಗೆ ಆದರೆ, ಟಕ್ ಟಕ್ ಸದ್ದು ಬಂದರೆ, "ಮನೆ ಹತ್ತಿರವೇ ಉಂಟು, ಹೋಗಿ ನೋಡುವಾ" ಅನ್ನಬಾರದು. ಎರಡು ಕಾರಣ ಇರಬಹುದು. ಒಂದು, ಚಕ್ರದ ನಟ್ಟು ಸಡಿಲಾಗಿದೆ. ಪಂಕ್ಚರ್ ತೆಗೆಸಿದ ಮೇಲೆ, ಹೊಸ ಟಯರ್ ಹಾಕಿಸಿದ ಮೇಲೆ ಹೀಗಾಗುವುದು ಹೆಚ್ಚು. ಎರಡು, ಟಯರಿನ ಒಳಗಿನ ಪದರ ಬಿಟ್ಟುಕೊಂಡು ಹೊರಗೆ ಗುಳ್ಳೆ ಎದ್ದಿದೆ. ಗುಳ್ಳೆ ಎದ್ದ ಟಯರ್ ಯಾವ ಹೊತ್ತಿಗೂ ಒಡೀಬಹುದು, ಅದಕ್ಕೆ ರಿಪೇರಿ ಅಂತ ಇಲ್ಲ, ಬದಲಾಯಿಸುವುದೇ.

ನಟ್ಟು ಬಿಗಿ ಮಾಡುವುದಕ್ಕೂ ಕ್ರಮ ಇದೆ. ಒಂದರ ಪಕ್ಕ ಇನ್ನೊಂದು ಅಂತ ಸುತ್ತುವುದಲ್ಲ, ಎದುರು ಬದುರು ಬಿಗಿ ಮಾಡ್ತಾ ಹೋಗಬೇಕು. ಇಲ್ಲವಾದರೆ ಚಕ್ರ ಓರೆಯಾಗಿ ಕೂರ್ತದೆ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಇದೆಯಾ ಅಂತ ನೋಡಬೇಕು. ಇದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಹೆಂಗಸರು ನೆನಪು ಮಾಡಿದರೆ ಮಾಡ್ತಾರೆ.

ಟಯರಿನ ಬಗ್ಗೆ ಇನ್ನೂ ಸ್ವಲ್ಪ. ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲಿನ ಹತ್ತಿರ ಚೀಟಿ ಅಂಟಿಸಿರ್ತಾರೆ, ಇಲ್ಲವಾದರೆ ಗಾಡಿಯ ಪುಸ್ತಕದಲ್ಲಿ ಇರ್ತದೆ. ಟಯರಿನ ಮೈಮೇಲೆ ಬರೆದಿರುವ ಗಾಳಿಯ ಅಂಕಿ ಅದಲ್ಲ, ಅದು ತಡೆಯುವ ಮಿತಿ. ಗಾಡಿ ತಣ್ಣಗಿರುವಾಗ ಬೆಳಿಗ್ಗೆ ನೋಡಿಸಬೇಕು. ನಡುಮಧ್ಯ ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಟಯರಿನ ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರಿನ ದಿಬ್ಬ ಇರ್ತದೆ. ಟಯರ್ ಸವೆದು ಆ ದಿಬ್ಬದ ಸಮಕ್ಕೆ ಬಂತೆಂದರೆ ಅದರ ಆಯುಷ್ಯ ಮುಗಿಯಿತು. ಕಾರು ಟೆಂಪೋಗಳಲ್ಲಿ ಆ ಮಟ್ಟ 1.6 ಮಿಲಿಮೀಟರ್. ಹಳೆ ಟಯರ್ ಕಡಿಮೆ ರೇಟಿಗೆ ಸಿಗ್ತದೆ ಅಂತ ತರುವ ಮೊದಲು ಅದರ ಮೈಮೇಲೆ ನಾಲ್ಕು ಅಂಕಿಯ ಗುರುತು ನೋಡಿ. 2318 ಅಂತ ಇದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಗೀರು ಎಷ್ಟೇ ಚೆನ್ನಾಗಿ ಕಂಡರೂ ರಬ್ಬರು ಮುದುಕಾಗಿರ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ

ಓಡುವಾಗ ಸರಿ ಇದ್ದು ಬ್ರೇಕ್ ಒತ್ತಿದ ಕೂಡಲೇ ಸ್ಟೇರಿಂಗೋ ಪೆಡಲೋ ಧಡಧಡ ಅಂದರೆ, ಟಯರಲ್ಲ, ಬ್ರೇಕಿನ ಡಿಸ್ಕು ಅಥವಾ ಡ್ರಮ್ಮು ನೋಡಬೇಕು. ಡಿಸ್ಕು ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಡ್ರಮ್ಮು ಪೂರ್ತಿ ದುಂಡಗೆ ಇರಬೇಕು. ಹಾಗಿಲ್ಲದಿದ್ದರೆ ಒತ್ತಿದಾಗ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡ್ತದೆ. (ಎ.ಬಿ.ಎಸ್. ಇರುವ ಹೊಸ ಕಾರಿನಲ್ಲಿ ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಪೆಡಲು ತಾನಾಗಿ ತಟತಟ ಅಂತದೆ. ಅದು ರೋಗ ಅಲ್ಲ, ಹೆದರಿ ಕಾಲು ತೆಗೆಯಬಾರದು.)

ಡಿಸ್ಕು, ಡ್ರಮ್ಮು ಕೆಡುವುದಕ್ಕೆ ಮುಖ್ಯ ಕಾರಣ ಬಿಸಿ. ನಮಗೆ ಘಟ್ಟ ಹತ್ತಿರ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಹೊನ್ನಾವರದಿಂದ ಜೋಗದ ಕಡೆಗೆ ಗೇರುಸೊಪ್ಪೆ ಘಟ್ಟ, ಭಟ್ಕಳದಿಂದ ಸಾಗರದ ಕಡೆಗೆ ಕೋಗಾರ ಘಟ್ಟ. ಅಡಿಕೆಯೋ ತರಕಾರಿಯೋ ತುಂಬಿಕೊಂಡು ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಲೈನರ್ ಸುಟ್ಟ ವಾಸನೆ ಬರ್ತದೆ, ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಹತ್ತುವಾಗ ಯಾವ ಗೇರು ಬೇಕಿತ್ತೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯಬೇಕು, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ತದೆ. ಡೀಸೆಲ್ ಉಳೀತದೆ ಅಂತ ನ್ಯೂಟ್ರಲ್ ಮಾಡಿಕೊಂಡು ಘಟ್ಟ ಇಳಿಯುವವರಿದ್ದಾರೆ. ನಾಲ್ಕು ರೂಪಾಯಿ ಉಳಿಸಲು ಇಷ್ಟು ಜೀವ ಪಣಕ್ಕಿಡುವುದು ಯಾವ ಲೆಕ್ಕ ಅಂತ ನಮಗೆ ತಿಳಿಯುವುದಿಲ್ಲ. ಹಿಂದೆ ಕುಳಿತಿದ್ದರೆ ಸುಮ್ಮನಿರಬೇಡಿ, ಗೇರಿಗೆ ಹಾಕು ಅಂತ ಹೇಳಿ.

ವಾಸನೆ ಬಂದರೆ ಅಗಲದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ತಾನಾಗಿ ತಣಿಯಲಿಕ್ಕೆ ಬಿಡಿ. ಬಿಸಿ ಡ್ರಮ್ಮಿನ ಮೇಲೆ ಹಳ್ಳದ ನೀರು ಸುರಿಯಬಾರದು. ಕೆಂಡದಂಥ ಕಾವಲಿಗೆ ತಣ್ಣೀರು ಹೊಯ್ದ ಹಾಗೆ, ಬಿರುಕು ಬಿಡ್ತದೆ ಇಲ್ಲವೇ ಆಕಾರ ಕೆಡ್ತದೆ. ಇನ್ನೊಂದು, ಬ್ರೇಕ್ ಎಣ್ಣೆ ಗಾಳಿಯ ಪಸೆಯನ್ನು ಹೀರಿಕೊಳ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಪಸೆಗೆ ಬರ ಇಲ್ಲ. ನೀರು ಸೇರಿದ ಎಣ್ಣೆ ಘಟ್ಟದಲ್ಲಿ ಬೇಗ ಕುದಿದು ಪೆಡಲು ಮೆತ್ತಗಾಗ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿದರೆ ಒಳ್ಳೆಯದು.

ನಿಂತಲ್ಲಿ, ಎಳೆಯುವಲ್ಲಿ, ತಿರುವಿನಲ್ಲಿ

ಗಾಡಿ ನಿಂತಿದ್ದು ಇಂಜಿನ್ ಮಾತ್ರ ಚಾಲೂ ಇರುವಾಗ ನಡುಗಿದರೆ ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಂಜಿನ್ನನ್ನು ಹಿಡಿದಿರುವ ರಬ್ಬರಿನ ಮೌಂಟಿಂಗ್ ಹರಿದಿರಬಹುದು, ಇಲ್ಲವೇ ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಪೆಟ್ರೋಲ್ ಗಾಡಿಯಾದರೆ ಮೊದಲು ಸ್ಪಾರ್ಕ್ ಪ್ಲಗ್ಗು ನೋಡಿಸಿ, ಖರ್ಚು ಕಡಿಮೆ. ಓಮ್ನಿಯಂಥ ಗಾಡಿಯಲ್ಲಿ ಇಂಜಿನ್ ಸೀಟಿನ ಕೆಳಗೇ ಇರುವುದರಿಂದ ಸ್ವಲ್ಪ ನಡುಕ ಇದ್ದೇ ಇರ್ತದೆ. ಮೊದಲಿಗಿಂತ ಹೆಚ್ಚಾಯಿತೇ ಅನ್ನುವುದೇ ಪ್ರಶ್ನೆ.

ಆಕ್ಸಿಲೇಟರ್ ಕೊಟ್ಟಾಗ, ಏರು ಹತ್ತುವಾಗ ಮಾತ್ರ ನಡುಗಿ, ಕಾಲು ತೆಗೆದರೆ ನಿಂತರೆ, ಇಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು ನೋಡಬೇಕು. ಹಿಂದಿನ ಚಕ್ರ ತಳ್ಳುವ ಟೆಂಪೋ, ಓಮ್ನಿಗಳಲ್ಲಿ ಶಾಫ್ಟಿನ ತುದಿಯ ಕ್ರಾಸ್ ಸವೆದರೆ ಗೇರು ಹಾಕಿ ಬಿಡುವಾಗ ಕಟ್ ಅಂತ ಸದ್ದು ಬರ್ತದೆ. ಎದುರಿನ ಚಕ್ರ ಎಳೆಯುವ ಕಾರುಗಳಲ್ಲಿ ಪೂರ್ತಿ ತಿರುಗಿಸಿ ಹೋಗುವಾಗ ಕಟಕಟ ಅಂದರೆ ಶಾಫ್ಟಿನ ಹೊರಗಿನ ಜಾಯಿಂಟು ಹೋಗಿದೆ. ಅದರ ರಬ್ಬರ್ ಚೀಲ ಹರಿದು ಗ್ರೀಸು ಹೊರಗೆ ಚಿಮ್ಮಿದ್ದು ಕಂಡಾಗಲೇ ಚೀಲ ಬದಲಾಯಿಸಿದ್ದರೆ ಜಾಯಿಂಟು ಉಳೀತಿತ್ತು.

ನಡುಕಕ್ಕಿಂತ ಹೆಚ್ಚಾಗಿ ವಿಮಾನ ಹೋದ ಹಾಗೆ ಹೂಂ ಅನ್ನುವ ಸದ್ದು, ವೇಗದ ಜೊತೆ ಏರುವುದಾದರೆ ಚಕ್ರದ ಬೇರಿಂಗು. ಗಾಡಿ ಎಡಕ್ಕೆ ತಿರುಗುವಾಗ ಸದ್ದು ಹೆಚ್ಚಾದರೆ ಸಾಧಾರಣವಾಗಿ ಬಲಬದಿಯದು, ಭಾರ ಆ ಕಡೆ ಬೀಳ್ತದೆ. ಕಾಂಕ್ರೀಟು ರಸ್ತೆಯಲ್ಲಿ ಎಲ್ಲ ಗಾಡಿಯೂ ಹೂಂ ಅಂತದೆ, ಆದ್ದರಿಂದ ಡಾಂಬರು ರಸ್ತೆಯಲ್ಲೂ ಕೇಳಿ ನೋಡಿ.

ಆಟೋ ಮತ್ತು ಸ್ಕೂಟರು

ಆಟೋದ ಹ್ಯಾಂಡಲ್ ನಡುಗಿದರೆ ಎದುರಿನ ಒಂದೇ ಚಕ್ರದ ಮೇಲೆ ಕಣ್ಣಿಡಿ. ಟಯರು, ನಟ್ಟು, ಬೇರಿಂಗು, ಆಮೇಲೆ ಹ್ಯಾಂಡಲಿನ ಕೋನ್‌ಸೆಟ್ಟು. ಸ್ಕೂಟರಿನಲ್ಲೂ ಅದೇ. ಡಬ್ಬಲ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದಿನಿಂದ ಒತ್ತಿ ಎದುರಿನ ಚಕ್ರ ನೆಲ ಬಿಡುವ ಹಾಗೆ ಮಾಡಿ, ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ಮಧ್ಯದಲ್ಲಿ ಎಲ್ಲೋ ಸಿಕ್ಕಿದ ಹಾಗೆ ಆದರೆ ಕೋನ್‌ಸೆಟ್ಟು ಸವೆದಿದೆ. ಗಾಳಿ ಕಡಿಮೆ ಇದ್ದರೂ ಹ್ಯಾಂಡಲ್ ತೂಗ್ತದೆ, ಹಾಗಾಗಿ ಮೊದಲು ಗಾಳಿ. ಗೇರಿಲ್ಲದ ಸ್ಕೂಟರು ಹೊರಡುವಾಗ ಮಾತ್ರ ಬಡಬಡ ನಡುಗಿ ಆಮೇಲೆ ಸರಿಯಾದರೆ ಒಳಗಿನ ಕ್ಲಚ್ಚಿನಲ್ಲಿ ಧೂಳು ತುಂಬಿರ್ತದೆ, ಹೆಚ್ಚಾಗಿ ಕ್ಲೀನ್ ಮಾಡಿದರೆ ಸಾಕಾಗ್ತದೆ.

ವಿಷಯ ಸ್ವಲ್ಪ ಬೇರೆ, ಆದರೂ ಹೇಳಲೇಬೇಕು. ಬೈಕಿನ ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಅರ್ಧ ಚಕ್ರವನ್ನಾದರೂ ಮುಚ್ಚುವ ಗಾರ್ಡು ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಚೆಂದ ಕಾಣುವುದಿಲ್ಲ ಅಂತ ಹುಡುಗರು ಬಿಚ್ಚಿ ಇಡ್ತಾರೆ. ಅಂಥ ಬೈಕಿನಲ್ಲಿ ಸೀರೆ, ಚೂಡಿದಾರದ ಶಾಲು ಇಟ್ಟುಕೊಂಡು ಕೂರಬೇಡಿ.

ಉಪ್ಪು ಗಾಳಿ, ಮೀನಿನ ನೀರು

ಘಟ್ಟದ ಮೇಲಿನ ಗಾಡಿಗಿಂತ ನಮ್ಮ ಗಾಡಿಗೆ ಆಯುಷ್ಯ ಕಡಿಮೆ. ಕಾಸರಕೋಡು, ತದಡಿ ಬಂದರಿನಿಂದ ಮೀನು ತರುವ ಟೆಂಪೋದಲ್ಲಿ ಐಸು ಕರಗಿದ ಉಪ್ಪುನೀರು ತಳಕ್ಕೆ ಸೋರಿ ಚಾಸಿ, ಬ್ರೇಕ್ ಪೈಪು, ಸ್ಪ್ರಿಂಗ್ ಪ್ಲೇಟು ಎಲ್ಲವನ್ನೂ ತಿನ್ತದೆ. ಮೇಲಿನಿಂದ ಫಳಫಳ ಹೊಳೆಯುವ ಗಾಡಿಯ ಬ್ರೇಕ್ ಪೈಪು ಒಳಗೆ ಹಪ್ಪಳದಂತೆ ಆಗಿರಬಹುದು. ದಿನಾ ಮೀನು ಇಳಿಸಿದ ಮೇಲೆ ಬಾವಿಯ ಸಿಹಿನೀರಿನಲ್ಲಿ ತಳವನ್ನೂ ತೊಳೆಯಿರಿ, ಮೇಲಿನಷ್ಟೇ ಅಲ್ಲ. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಬಿಳಿ ಹಸಿರು ಪುಡಿ ಕಂಡರೆ, ಗಾಡಿ ಸ್ಟಾರ್ಟ್ ಆಗದ್ದಕ್ಕೆ ಅದೇ ಕಾರಣ ಇರಬಹುದು. ವಯರು ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚಿ ಬಿಗಿ ಮಾಡಿ. ಹೊಸ ಬ್ಯಾಟರಿ ತರುವುದು ಆಮೇಲಿನ ಮಾತು.

ಉಳಿದದ್ದು ಚುಟುಕಾಗಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರೀತಿದೆ, ಕಪ್ಪು ಹೊಗೆಯಾದರೆ ಮೊದಲು ಏರ್ ಫಿಲ್ಟರ್ ನೋಡಿ. ಬಿಸಿಯಾದ ರೇಡಿಯೇಟರಿನ ಮುಚ್ಚಳ ಯಾವತ್ತೂ ತೆಗೆಯಬೇಡಿ, ಕುಕ್ಕರಿನ ಮುಚ್ಚಳವನ್ನು ಒತ್ತಡ ಇರುವಾಗ ನೀವು ತೆಗೀತೀರಾ? ಮೀಟರಿನಲ್ಲಿ ಕೆಂಪು ದೀಪ ಹತ್ತಿದರೆ ಈಗಲೇ ನಿಲ್ಲಿಸು ಅಂತ, ಹಳದಿ ಹತ್ತಿದರೆ ಬೇಗ ತೋರಿಸು ಅಂತ.

ಗ್ಯಾರೇಜಿನಲ್ಲಿ ಏನು ಹೇಳಬೇಕು?

"ಗಾಡಿ ಗಡಗಡ ಅಂತದೆ, ನೋಡಿ" ಅಂದರೆ ಅವರು ಎಲ್ಲವನ್ನೂ ನೋಡಬೇಕಾಗ್ತದೆ, ಬಿಲ್ಲೂ ಹಾಗೇ ಬರ್ತದೆ. ಅದರ ಬದಲು "ಎಪ್ಪತ್ತರ ಮೇಲೆ ಹೋದಾಗ ಸ್ಟೇರಿಂಗ್ ನಡುಗ್ತದೆ, ಬ್ರೇಕ್ ಒತ್ತಿದರೆ ಹೆಚ್ಚಾಗುವುದಿಲ್ಲ, ಹೋದ ವಾರ ಪಂಕ್ಚರ್ ತೆಗೆಸಿದ ಮೇಲೆ ಶುರುವಾದದ್ದು" ಅನ್ನಿ. ಒಳ್ಳೆಯ ಮೆಕ್ಯಾನಿಕ್ ಅರ್ಧ ಕೆಲಸ ಆಯಿತು ಅಂತ ಸಂತೋಷ ಪಡ್ತಾನೆ. ಬದಲಾಯಿಸಿದ ಹಳೆ ಸಾಮಾನು ವಾಪಸ್ಸು ಕೇಳಿ, ಏನು ಹಾಳಾಗಿತ್ತು ಅಂತ ತೋರಿಸಲು ಹೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ, ಹಣ ಕೊಡುವವರು ನಾವು.

ಸಂಘದ ಪಾಸ್‌ಬುಕ್ಕಿನ ಹಾಗೆ ಗಾಡಿಗೂ ಒಂದು ನೂರು ಪುಟದ ಪುಸ್ತಕ ಇಡಿ. ತಾರೀಖು, ಕಿಲೋಮೀಟರು, ಏನು ಮಾಡಿಸಿದ್ದು, ಎಷ್ಟು ಖರ್ಚು. ಬಾಡಿಗೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿನ ತಾರೀಖೂ ಅದರಲ್ಲೇ ಬರೆಯಿರಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾ ವರ್ಷ ಮಾಡಿಸಬೇಕು.

ಬಂದರು ಬಂದ್ ಇರುವಾಗ

ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರ್ತದೆ. ಮೀನಿನ ಟೆಂಪೋಗಳೂ ಹೆಚ್ಚಿನವು ಆಗ ಅಂಗಳದಲ್ಲಿ ನಿಲ್ತವೆ. ಆಗಸ್ಟಿನಲ್ಲಿ ಹೊರಡಿಸಿದರೆ ಮೊದಲ ಮೂರ್ನಾಲ್ಕು ಕಿಲೋಮೀಟರ್ ಧಡಧಡ ಅಂತದೆ. ಎರಡು ತಿಂಗಳು ಒಂದೇ ಕಡೆ ಭಾರ ಬಿದ್ದು ಟಯರಿನ ಅಡಿ ಚಪ್ಪಟೆ ಆಗಿರ್ತದೆ. ಬಿಸಿಯಾದ ಮೇಲೆ ಅದು ಸರಿಯಾದರೆ ತೊಂದರೆ ಇಲ್ಲ, ಆಗದಿದ್ದರೆ ಟಯರ್ ಬಿಚ್ಚಿ ನೋಡಿಸಬೇಕು. ಬ್ರೇಕ್ ಲೈನರು ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುವುದೂ ಉಂಟು.

ಹಾಗಾಗಿ ನಿಲ್ಲಿಸುವಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಅಂಗಳದಲ್ಲೇ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಚಕ್ರ ಬೇರೆ ಜಾಗದ ಮೇಲೆ ನಿಲ್ತದೆ. ಬರೀ ನಾಲ್ಕು ನಿಮಿಷ ಓಡಿಸಿದರೆ ಬ್ಯಾಟರಿ ತುಂಬುವುದಿಲ್ಲ, ಸಾಧ್ಯವಾದರೆ ಅರ್ಧ ಗಂಟೆ ರಸ್ತೆಗೆ ತನ್ನಿ. ಚಕ್ರದ ಹಿಂದಿನ ಮಣ್ಣು, ತಳದ ತುಕ್ಕು, ಬ್ರೇಕ್ ಎಣ್ಣೆ, ಬೇರಿಂಗಿನ ಗ್ರೀಸು ಇವೆಲ್ಲ ಮಾಡಿಸಲು ಈ ಎರಡು ತಿಂಗಳೇ ಸರಿಯಾದ ಸಮಯ. ಜುಲೈ ಕೊನೆಯ ವಾರ ಗ್ಯಾರೇಜಿಗೆ ಹೋದರೆ ಅಲ್ಲಿ ಸಾಲು ನಿಂತಿರ್ತದೆ, ಜೂನಿನಲ್ಲೇ ಹೋಗಿ.